ಆರತಕ್ಷತೆಗೆ ಎಷ್ಟು ಹೊತ್ತು ಬೇಕು? ಮುಗಿಯುವ ಸಮಯದಿಂದ ಲೆಕ್ಕ ಹಿಡಿಯಿರಿ

ಶಿರಸಿ, ಕುಮಟಾ, ಕಾರವಾರದ ಕಡೆ ಆರತಕ್ಷತೆಯ ಅವಧಿ ಹೆಚ್ಚಾಗಿ ಸಭಾಭವನದ ಬಾಡಿಗೆ ರಸೀದಿಯ ಮೇಲೆ ನಿರ್ಧಾರವಾಗುತ್ತದೆ. ರಾತ್ರಿ 11ರವರೆಗೆ ದುಡ್ಡು ಕೊಟ್ಟಿದ್ದೇವೆಂದು ವಧೂವರರನ್ನು ಅಷ್ಟೂ ಹೊತ್ತು ನಿಲ್ಲಿಸುವವರಿದ್ದಾರೆ. ಒಂದೂವರೆ ತಾಸಿನಲ್ಲಿ ಮುಗಿಸಲು ಹೊರಟು, ಅರ್ಧಕ್ಕರ್ಧ ನೆಂಟರು ವೇದಿಕೆಯ ಸಾಲಿನಲ್ಲಿರುವಾಗಲೇ ಕೊನೆಯ ಪಂಕ್ತಿಗೆ ಎಲೆ ಹಾಕಿಸುವವರೂ ಇದ್ದಾರೆ. ಕಾಗದ, ಪೆನ್ನು ಹಿಡಿದು ಅರ್ಧ ತಾಸು ಕುಳಿತರೆ ಈ ಎರಡೂ ಪಾಡು ತಪ್ಪುತ್ತದೆ.

ಮೊದಲು ಹಗಲೋ ರಾತ್ರಿಯೋ ಎಂದು ತೀರ್ಮಾನಿಸಿ. ವಧೂಪ್ರವೇಶದ ದಿನ ಮಧ್ಯಾಹ್ನದ ಊಟದೊಂದಿಗೇ ಆರತಕ್ಷತೆ ಇಟ್ಟುಕೊಂಡರೆ ಕೆಲಸ ಹಗುರ. ಮುಂದಿನ ಲೆಕ್ಕವೆಲ್ಲ ಸಂಜೆಯೇ ಬೇಕೆನ್ನುವವರಿಗಾಗಿ.

ನಂತರ ಮುಗಿಯುವ ಸಮಯವನ್ನು ಬರೆದುಕೊಳ್ಳಿ, ಆರಂಭದ್ದನ್ನಲ್ಲ. ಘಟ್ಟದ ಮೇಲೆ ಆರತಕ್ಷತೆಯಿದ್ದು ಬರುವ ನೆಂಟರಲ್ಲಿ ಘಟ್ಟದ ಕೆಳಗಿನವರು ಬಹಳವಿದ್ದರೆ, ಅವರು ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿಯಬೇಕೆಂಬುದನ್ನು ಮರೆಯಬಾರದು. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್ ಅಷ್ಟೇ ಆದರೂ, ರಾತ್ರಿಯ ತಿರುವುಗಳಲ್ಲಿ ಅದು ಎರಡು ತಾಸಿನ ದಾರಿಯೆಂದೇ ಹಿಡಿಯುವುದು ಕ್ಷೇಮ. ಜೊತೆಗೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಾಗಾಗಿ ನಾನು ಕೊಡುವ ಸಲಹೆ ಒಂದೇ: 6.30ಕ್ಕೆ ಆರಂಭ, 9.30ಕ್ಕೆ ಮುಕ್ತಾಯ. ಮೂರು ತಾಸಿಗಿಂತ ಹೆಚ್ಚಿನ ಆರತಕ್ಷತೆ ಯಾರಿಗೂ ಬೇಕಾಗಿಲ್ಲ, ವಧೂವರರಿಗಂತೂ ಖಂಡಿತ ಬೇಕಾಗಿಲ್ಲ.

ಈ ಮೂರು ತಾಸು ಸಾಲುತ್ತದೆಯೇ ಎಂಬುದನ್ನು ಪರೀಕ್ಷಿಸುವಲ್ಲಿಯೇ ಎಲ್ಲರೂ ಎಡವುವುದು. ಜನರನ್ನು ತಲೆಯೆಣಿಸಿ ಲೆಕ್ಕ ಹಾಕಬೇಡಿ. ವೇದಿಕೆಗೆ ಒಟ್ಟಿಗೆ ಹತ್ತುವ ಗುಂಪುಗಳನ್ನು ಎಣಿಸಿ. 600 ಜನ ಬರುವುದಾದರೆ, ಮೂವರಿಗೊಂದು ಗುಂಪಿನಂತೆ 200 ಗುಂಪುಗಳಾಗುತ್ತವೆ. ಮೆಟ್ಟಿಲು ಹತ್ತಿ, ಹೆಸರು ಹೇಳಿ, ಲಕೋಟೆ ಕೊಟ್ಟು, ಫೋಟೋಕ್ಕೆ ನಿಂತು ಇಳಿಯುವುದಕ್ಕೆ ಗುಂಪಿಗೆ ಅರ್ಧ ನಿಮಿಷವೆಂದರೆ ಒಟ್ಟು 100 ನಿಮಿಷ. ಅದೇ ಫೋಟೋಗ್ರಾಫರು ಪ್ರತಿ ಗುಂಪಿಗೂ "ಇನ್ನೊಂದ್ಸಲ, ಇತ್ಲಾಗೆ ನೋಡಿ" ಎನ್ನುತ್ತ ಒಂದು ನಿಮಿಷ ತೆಗೆದುಕೊಂಡರೆ 3 ತಾಸು 20 ನಿಮಿಷವಾಗಿ, ನಿಮ್ಮ ಆರತಕ್ಷತೆ ಅಲ್ಲಿಗೇ ಕೆಟ್ಟಿತು. ಆದ್ದರಿಂದ ಮುಂಗಡ ಕೊಡುವ ಮೊದಲು ಅದೇ ಫೋಟೋಗ್ರಾಫರು ಒಪ್ಪಿಕೊಂಡ ಬೇರೊಂದು ಆರತಕ್ಷತೆಗೆ ಹೋಗಿ, ಹತ್ತು ಗುಂಪುಗಳಿಗೆ ಎಷ್ಟು ಹೊತ್ತು ಹಿಡಿಯಿತೆಂದು ಮೊಬೈಲಿನ ಗಡಿಯಾರದಲ್ಲಿ ನೋಡಿ ಬನ್ನಿ. ಐದಾರು ನಿಮಿಷದೊಳಗಿದ್ದರೆ ಸರಿ. ಎಂಟು ದಾಟಿದರೆ ಬೇರೆಯವರನ್ನು ಹುಡುಕಿ.

ವೇದಿಕೆಯ ಏರ್ಪಾಡೂ ಹೊತ್ತು ಉಳಿಸುತ್ತದೆ. ಎಡಗಡೆ ಹತ್ತಿ ಬಲಗಡೆ ಇಳಿಯುವಂತೆ ಎರಡು ಮೆಟ್ಟಿಲು ಇರಲೇಬೇಕು. ಒಂದೇ ಮೆಟ್ಟಿಲಿದ್ದ ಕಡೆ ಇಳಿಯುವವರು ಹತ್ತುವವರನ್ನು ತಡೆದು ಅಲ್ಲೇ ಕುಶಲ ಪ್ರಶ್ನೆ ಶುರುಮಾಡುತ್ತಾರೆ. ಹುಡುಗನ ಕಡೆಯಿಂದ ಒಬ್ಬರು, ಹುಡುಗಿಯ ಕಡೆಯಿಂದ ಒಬ್ಬರು ಪಕ್ಕದಲ್ಲೇ ನಿಂತು ಬಂದವರು ಯಾರೆಂದು ಪರಿಚಯಿಸಲಿ. ಇದಕ್ಕೆ ಎಲ್ಲರ ಗುರುತಿರುವ ದೊಡ್ಡಪ್ಪನೋ ಅತ್ತೆಯೋ ಆಗಬೇಕು, ಕಾಲೇಜಿನ ಹುಡುಗರು ಸಾಲದು. ಮಂಡಿನೋವಿನ ಹಿರಿಯರನ್ನು ಮೆಟ್ಟಿಲು ಹತ್ತಿಸುವುದು ಬೇಡ; ಆರಂಭದಲ್ಲೇ ವಧೂವರರು ಒಮ್ಮೆ ಕೆಳಗಿಳಿದು ಮೊದಲ ಸಾಲಿನವರಿಗೆಲ್ಲ ನಮಸ್ಕರಿಸಿ ಬರಲಿ. ಮನೆಯವರ ಫೋಟೋಗಳನ್ನು 6.30ರೊಳಗೇ ಮುಗಿಸಿಬಿಡಿ. ವಧೂವರರು ಒಳಬರುವಾಗ ಬಿಡುವ ಹೊಗೆಯ ಯಂತ್ರ, ಬಣ್ಣದ ಕಾಗದ ಚಿಮ್ಮಿಸುವ ಕೊಳವೆಗಳಿಗೆ ದುಡ್ಡು ಹಾಕಬೇಡಿ. ಹೊಗೆಗೆ ಅಜ್ಜಂದಿರು ಕೆಮ್ಮುತ್ತಾರೆ, ಕಾಗದ ಗುಡಿಸಲು ಹತ್ತು ನಿಮಿಷ ಹೋಗುತ್ತದೆ.

ಹೊತ್ತು ಸೋರಿಹೋಗುವ ಇನ್ನೊಂದು ಜಾಗ ಅಲಂಕಾರದ ಕೋಣೆ. 6.30 ಎಂದು ಕರೆದು 7.30ಕ್ಕೆ ವಧು ಹೊರಬಂದರೆ ಮೂರು ತಾಸಿನಲ್ಲಿ ಉಳಿಯುವುದು ಎರಡೇ. ಬ್ಯೂಟಿಷಿಯನ್ನರಿಗೆ 5.30ಕ್ಕೆ ಸಿದ್ಧವಾಗಬೇಕೆಂದೇ ಹೇಳಿ, 6.30 ಎಂಬುದನ್ನು ಅವರಿಗೆ ತಿಳಿಸಲೇಬೇಡಿ.

ಊಟದ ಲೆಕ್ಕ ಇದರಷ್ಟು ತೊಡಕಿನದಲ್ಲ. 200 ಜನ ಕೂರುವ ಊಟದ ಮನೆಯಲ್ಲಿ, ಎಲೆ ತೆಗೆದು ಒರೆಸುವುದೂ ಸೇರಿ ಪಂಕ್ತಿಗೆ 40 ನಿಮಿಷವೆಂದರೆ 600 ಜನಕ್ಕೆ ಮೂರು ಪಂಕ್ತಿ, ಎರಡು ತಾಸು. ಮೊದಲನೆಯದನ್ನು 7.15ಕ್ಕೆ ಕೂರಿಸಿದರೆ ಎರಡನೆಯದು 7.55ಕ್ಕೆ, ಮೂರನೆಯದು 8.35ಕ್ಕೆ ಕೂತು, 9.15ಕ್ಕೆ ಕೊನೆಯ ಎಲೆ ಏಳುತ್ತದೆ. ವಧೂವರರೂ ಮನೆಯವರೂ ಈ ಮೂರನೆಯ ಪಂಕ್ತಿಗೇ ಕೂರಬೇಕು. ಎಲ್ಲರೂ ಹೋದ ಮೇಲೆ ಆರಿದ ಸಾರು ಉಣ್ಣುವ ಪದ್ಧತಿ ನಿಲ್ಲಲಿ. ಬಫೆ ಬೇಗ ಮುಗಿಯುತ್ತದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಊಟ ಬೇಗ ಶುರುವಾಗುತ್ತದೆ ನಿಜ, ಆದರೆ ಮುಗಿಯುವುದು ಯಾವಾಗೆಂದು ಯಾರಿಗೂ ಗೊತ್ತಾಗುವುದಿಲ್ಲ.

ಸಂಗೀತ ಬೇಕಿದ್ದರೆ 7ರಿಂದ 8ರವರೆಗೆ ಭಾವಗೀತೆ ಸಾಕು. ಆರ್ಕೆಸ್ಟ್ರಾ ತರಿಸಿದರೆ ಪಕ್ಕದವರ ಮಾತು ಕೇಳಿಸುವುದಿಲ್ಲ, ಮಾತಾಡಲಾಗದ ನೆಂಟರು ಬೇಗ ಎದ್ದು ಒಟ್ಟಿಗೇ ಊಟದ ಬಾಗಿಲಿಗೆ ನುಗ್ಗುತ್ತಾರೆ.

ಕೊನೆಯದಾಗಿ, ಆಮಂತ್ರಣ ಪತ್ರಿಕೆಯಲ್ಲಿ "ಸಂಜೆ 6.30ರಿಂದ" ಎಂದಷ್ಟೇ ಅಚ್ಚುಹಾಕಿಸದೆ "6.30ರಿಂದ 9.30ರವರೆಗೆ" ಎಂದು ಹಾಕಿಸಿ. ಹಾಗೆ ಬರೆದರೆ ಬರಬೇಡಿ ಎಂದಂತಾಗುತ್ತದೆ ಎಂದು ಹೇಳುವ ಹಿರಿಯರು ಇದ್ದೇ ಇರುತ್ತಾರೆ, ಕೇಳಬೇಡಿ. ಪಂಕ್ತಿಗಳ ಹೊತ್ತನ್ನು ಅಡುಗೆ ಭಟ್ಟರಿಗೆ ಬರೆದುಕೊಡಿ. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಗೆ ಹಸಿ ತೆಂಗಿನಕಾಯಿ ಅರೆದು ಮಾಡುವ ಸಾಸಿವೆ, ತಂಬುಳಿಯಂಥ ಪದಾರ್ಥಗಳು ಬಲು ಬೇಗ ಹಳಸುವುದರಿಂದ, 8.35ರ ಪಂಕ್ತಿಗೆ ಬೇಕಾದಷ್ಟನ್ನು ಅವರು 8ರ ನಂತರ ಬೇರೆಯಾಗಿ ಅರೆದು ಕಲಸಿಕೊಳ್ಳಲಿ.