ಅ ಆ ಇ ಈ ಆಮೇಲೆ, ಮೊದಲು ರ ಗ ಸ ದ ಅ

ಮಗುವಿಗೆ ಅಕ್ಷರ ಕಲಿಸಲು ಕೂತವರು ಸಾಮಾನ್ಯವಾಗಿ ‘ಅ ಅರಸ, ಆ ಆನೆ’ಯಿಂದ ಶುರುಮಾಡುತ್ತಾರೆ. 49 ಅಕ್ಷರಗಳನ್ನು ಬಾಯಿಪಾಠ ಮಾಡಿಸಲು ಆ ಕ್ರಮ ಸರಿ, ಓದು ಕಲಿಸಲು ಅಲ್ಲ. ಅ, ಆ, ಇ, ಈ ಕಲಿತ ಮಗುವಿಗೆ ಅವಿಷ್ಟರಿಂದ ಓದಲು ‘ಆ’, ‘ಈ’ ಬಿಟ್ಟರೆ ಪದಗಳೇ ಸಿಗುವುದಿಲ್ಲ. ರ, ಗ, ಸ, ದ, ಅ ಕಲಿತರೆ ಸರ, ದರ, ಅರಸ, ಅಗಸ, ಗರಗಸ ಎಲ್ಲವೂ ಸಿಗುತ್ತವೆ. ಚಟುವಟಿಕೆಯ ಮೂಲಕ ಕಲಿಸುವ ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯಲ್ಲಿ ಈ ಐದು ಮೊದಲು ಬರುವುದು ಸುಮ್ಮನೆ ಅಲ್ಲ. ಮುಂದಿನ ಗುಂಪು ಜ, ವ, ಮ, ಬ, ನ. ಆಗ ಮರ, ದನ, ಬಸವ ಸೇರುತ್ತವೆ.

ಅಕ್ಷರ ತೋರಿಸುವ ಮೊದಲು ಕಿವಿ ಪಳಗಬೇಕು. ‘ಗ-ರ-ಗ-ಸ’ ಎಂದು ಬಿಡಿಸಿ ಹೇಳುತ್ತಾ ನಾಲ್ಕು ಸಲ ಚಪ್ಪಾಳೆ ತಟ್ಟಿಸಿ. ಮೂರು ವರ್ಷದವರಿಗೆ ಇಷ್ಟೇ ಸಾಕು. ಗ ಕಲಿಸುವಾಗ ಗಿಳಿಯ ಚಿತ್ರ ತೋರಿಸುವುದು ನಮ್ಮ ಚಾರ್ಟ್‌ಗಳ ಹಳೆಯ ರೋಗ. ಮಗುವಿನ ಕಿವಿಗೆ ಬೀಳುವುದು ‘ಗಿ’, ಕಣ್ಣಿಗೆ ಕಾಣುವುದು ‘ಗ’. ಗರಿ, ಗರಗಸದಂಥ ಪದ ಹಿಡಿಯಿರಿ.

ನಾಲ್ಕು ವರ್ಷದ ಹೊತ್ತಿಗೆ ಕಾರ್ಡು ಹಿಡಿಯಬಹುದು. ಅಂಗೈ ಅಗಲದ ರಟ್ಟಿನ ಮೇಲೆ ಸಣ್ಣ ತರಿಯ ಸ್ಯಾಂಡ್‌ಪೇಪರ್‌ನಲ್ಲಿ ಕತ್ತರಿಸಿದ ಅಕ್ಷರ ಅಂಟಿಸಿ. ತರಿ ದಪ್ಪವಿದ್ದರೆ ಬೆರಳು ಉರಿದು, ಮಗು ಮತ್ತೆ ಮುಟ್ಟುವುದಿಲ್ಲ. ಒಂದು ಸಲಕ್ಕೆ ಎರಡೇ ಕಾರ್ಡು, ಅದೂ ನೋಡಲು ಒಂದನ್ನೊಂದು ಹೋಲದವು: ರ ಮತ್ತು ಸ. ತೋರುಬೆರಳು, ನಡುಬೆರಳು ಸೇರಿಸಿ ಸವರುತ್ತಾ ‘ಇದು ರ’ ಎನ್ನಿ. ಆಮೇಲೆ ‘ರ ಎಲ್ಲಿದೆ, ಕೊಡು’. ಅದು ತಪ್ಪದೆ ಬಂದ ಮೇಲಷ್ಟೇ ‘ಇದೇನು?’ ದೊಡ್ಡವರು ನೇರ ಮೂರನೆಯದಕ್ಕೆ ಹಾರುತ್ತಾರೆ, ಮಗು ಊಹಿಸಲು ಶುರುಮಾಡುತ್ತದೆ. ಚಿತ್ರವಿರುವ ಕಾರ್ಡಾದರೆ ಚಿತ್ರವನ್ನು ಕೈಯಿಂದ ಮುಚ್ಚಿ ಕೇಳಿ. ಎಷ್ಟೋ ಮಕ್ಕಳು ಆಗ ಬಾಯಿ ಕಟ್ಟಿ ಕೂರುತ್ತಾರೆ, ಓದುತ್ತಿದ್ದದ್ದು ಆನೆಯನ್ನೇ.

ವ ಮತ್ತು ಮ, ಪ ಮತ್ತು ಷ, ನ ಮತ್ತು ಸ: ಈ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ. ವ ಗಟ್ಟಿಯಾದ ಮೇಲೆ ಮ ತನ್ನಿ, ಎರಡನ್ನೂ ಪಕ್ಕಪಕ್ಕ ಇಟ್ಟು ಬಲಗಡೆಯ ಸುರುಳಿಯೊಂದನ್ನೇ ಬೆರಳಿಟ್ಟು ತೋರಿಸಿ. ಹೊಟ್ಟೆ ಸೀಳುವ ಧ, ಭ, ಢ ಕೊನೆಗಿರಲಿ. ಮನೆಯ ಮಾತಿನಲ್ಲೇ ಮಹಾಪ್ರಾಣ ಕೇಳದ ಮಗುವಿಗೆ ಅವು ದ, ಬ, ಡಗಳೇ.

ಕೂಡಿಸಿ ಓದಿಸಲು ‘ಸ’, ‘ರ’ ಕಾರ್ಡುಗಳನ್ನು ಒಂದು ಗೇಣು ದೂರ ಇಟ್ಟು ಹೇಳಿಸಿ, ಪ್ರತಿ ಸಲ ಹತ್ತಿರ ಸರಿಸಿ. ಕಾರ್ಡುಗಳು ಅಂಟಿಕೊಂಡಾಗ ಬಾಯಲ್ಲೂ ‘ಸರ’ ಆಗಿರುತ್ತದೆ. ಹತ್ತು ನಿಮಿಷಕ್ಕೆ ನಿಲ್ಲಿಸಿ.

ಬರವಣಿಗೆ ತಟ್ಟೆಯಲ್ಲಿ ಶುರುವಾಗಲಿ. ರವೆ ತೆಳ್ಳಗೆ ಹರಡಿ, ಬೆರಳಲ್ಲಿ ಬರೆದಾಗ ತಟ್ಟೆಯ ತಳ ಗೆರೆಯಾಗಿ ಕಾಣುವಷ್ಟು. ದಪ್ಪವಾದರೆ ಅಂಚು ಕುಸಿದು ಅಕ್ಷರ ಮುಚ್ಚಿಹೋಗುತ್ತದೆ. ರ ಬರೆಯುವಾಗ ದುಂಡು ಮೊದಲು, ತಲೆಕಟ್ಟು ಆಮೇಲೆ. ಆಮೇಲೆ ಸ್ಲೇಟು, ಅದಕ್ಕೆ ಒಂದು ಇಂಚಿನ ಬಳಪದ ತುಂಡು. ಉದ್ದ ಬಳಪವನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ತುಂಡನ್ನು ಮೂರು ಬೆರಳಲ್ಲಿ ಹಿಡಿಯದೆ ವಿಧಿಯಿಲ್ಲ. ಚುಕ್ಕಿ ಸೇರಿಸುವ ಪುಸ್ತಕಗಳನ್ನು ನೆಚ್ಚಬೇಡಿ: ಮಗು ಚುಕ್ಕಿಯಿಂದ ಚುಕ್ಕಿಗೆ ತುಂಡು ಗೆರೆ ಎಳೆಯುತ್ತದೆ, ಅಕ್ಷರದ ಓಟ ಕೈಗೆ ಹತ್ತುವುದಿಲ್ಲ. ತಿದ್ದುವಾಗ ಸ್ಲೇಟಿನಲ್ಲಿ ಮೂಡಿದ್ದನ್ನಲ್ಲ, ಕೈ ಹೋದ ದಾರಿಯನ್ನು ನೋಡಿ. ಬುಡದಿಂದ ಮೇಲಕ್ಕೆ ಎಳೆದ ರ ಕೂಡ ರ ಹಾಗೇ ಕಾಣುತ್ತದೆ, ವೇಗವಾಗಿ ಬರೆಯಬೇಕಾದಾಗ ಕೈಕೊಡುತ್ತದೆ. ಅಂಥದ್ದು ಕಂಡರೆ ಅಳಿಸಿ ಬೈಯುವುದು ಬೇಡ. ಅಕ್ಷರ ಶುರುವಾಗುವ ಜಾಗಕ್ಕೆ ಬಣ್ಣದ ಸೀಮೆಸುಣ್ಣದ ಒಂದು ಚುಕ್ಕಿ ಇಟ್ಟು, ಅಲ್ಲಿಂದ ಹೊರಡಲು ಹೇಳಿ.