ಹನ್ನೊಂದು ರಾತ್ರಿ, ಇಪ್ಪತ್ತೆರಡು ಹುಣಸೆ ಹೋಳು

ಯುರೋಪ್ ಪ್ರವಾಸಕ್ಕೆ ನಾವು ಮಾಡಿದ ಮೊದಲ ಪಟ್ಟಿಯಲ್ಲಿ 7 ಊರುಗಳಿದ್ದವು. ಪ್ಯಾರಿಸ್, ಝೂರಿಕ್, ವೆನಿಸ್, ಸಾಲ್ಜ್‌ಬರ್ಗ್, ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್. ನಾಲ್ಕು ನಾನು ಬರೆದದ್ದು, ಮೂರು ನಮ್ಮವರು ಬರೆದದ್ದು. ಕೈಯಲ್ಲಿದ್ದದ್ದು 11 ರಾತ್ರಿ ಮಾತ್ರ. ರಜೆ ಅದಕ್ಕಿಂತ ಜಾಸ್ತಿ ಸಿಗುವಂತಿರಲಿಲ್ಲ. ಗಣಪತಿ ಹಬ್ಬಕ್ಕೆ ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಬಿಟ್ಟು ಹೋಗುವ ಮಾತೇ ಇಲ್ಲ. ಪಕ್ಷಮಾಸದಲ್ಲಿ ಮಾವನವರ ತಿಥಿ ತದಿಗೆಗೆ ಬರುತ್ತದೆ. ಅದನ್ನು ಮುಗಿಸಿ ಮರುದಿನ ರಾತ್ರಿ ಹೊರಟರೆ ಮಹಾನವಮಿಯ ಹೊತ್ತಿಗೆ ಮನೆಯಲ್ಲಿರಬಹುದು. ಹೀಗೆ 2025ರ ಸೆಪ್ಟೆಂಬರ್ ಗಟ್ಟಿಯಾಯಿತು.

ಗುಂಪಿನ ಟೂರ್ ಬೇಡ ಅನ್ನುವುದರಲ್ಲಿ ಇಬ್ಬರಿಗೂ ಅನುಮಾನ ಇರಲಿಲ್ಲ. ದಿನಾ ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವ ನಾವು ರಜೆಯಲ್ಲೂ ಬಸ್ಸಿನ ಗಂಟೆಗೆ ಓಡುವುದು ಯಾಕೆ? ಆದರೆ ನಮ್ಮ 7 ಊರಿನ ಪಟ್ಟಿಯೂ ಅದೇ ಓಟ ಅಂತ ತಿಳಿಯಲು ಸ್ವಲ್ಪ ದಿನ ಬೇಕಾಯಿತು. ಅದನ್ನು ತಿಳಿಸಿಕೊಟ್ಟದ್ದು ಅಮ್ಮ ಧಾರವಾಡದಿಂದ ಕಳಿಸಿದ್ದ ಚೌಕಾಬಾರದ ಡಬ್ಬಿ.

ಅದರಲ್ಲಿ ಹುಣಸೆ ಬೀಜ ಒಡೆದು ಮಾಡಿದ ಹೋಳುಗಳಿದ್ದವು. ಒಂದು ಬದಿ ಬಿಳಿ, ಇನ್ನೊಂದು ಬದಿ ಕಪ್ಪುಗೆಂಪು. ಒಂದು ಭಾನುವಾರ ಊಟವಾದ ಮೇಲೆ ಹಳೇ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹಾಕಿ, ಅದರ ಹಿಂದೆ 7 ಊರಿನ ಹೆಸರು ಬರೆದೆ. ಒಂದು ಹೋಳು ಅಂದರೆ ಅರ್ಧ ದಿನ. 11 ದಿನಕ್ಕೆ 22 ಹೋಳು. ಇಳಿದ ದಿನದ ಸುಸ್ತಿಗೆ ಒಂದು, ಕೊನೆಯ ಪ್ಯಾಕಿಂಗಿಗೆ ಒಂದು ತೆಗೆದಿಟ್ಟೆ. ಆಮೇಲೆ ಊರು ಬದಲಿಸುವ ಪ್ರತಿ ಸಲಕ್ಕೂ ಒಂದೊಂದು. ರೂಮು ಖಾಲಿ ಮಾಡಬೇಕು, ಸ್ಟೇಷನ್ ಹುಡುಕಬೇಕು, ಹೋಗಿ ಇಳಿದು ಮತ್ತೆ ರೂಮು ಹುಡುಕಬೇಕು. ಇದೆಲ್ಲ ಸೇರಿ ಅರ್ಧ ದಿನ ಹೋಗಿಯೇ ಹೋಗುತ್ತದೆ, ಅಲ್ವಾ? 7 ಊರಿಗೆ 6 ಬದಲಾವಣೆ. ಉಳಿದದ್ದು 14 ಹೋಳು. ಊರಿಗೆ ಎರಡು, ಅಂದರೆ ಒಂದು ದಿನ. ಪ್ಯಾರಿಸ್‌ಗೆ ಒಂದು ದಿನ!

ನಮ್ಮವರು ಸುಮ್ನೆ ಹಾಳೆ ನೋಡುತ್ತ ಕೂತರು. ಆಮೇಲೆ ಅವರೇ ಪ್ಯಾರಿಸ್ ಮೇಲೆ ಗೆರೆ ಎಳೆದರು. ಅದು ಅವರ ಆಸೆಯ ಊರು. ನಾನು ವೆನಿಸ್ ಹೊಡೆದೆ. ಝೂರಿಕ್ ಇಬ್ಬರೂ ಸೇರಿ ಹೊಡೆದೆವು. ಸಾಲ್ಜ್‌ಬರ್ಗ್ ವಿಯೆನ್ನಾದಿಂದ ರೈಲಿನಲ್ಲಿ ಎರಡೂವರೆ ಗಂಟೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬಂದರಾಯಿತು, ಪೆಟ್ಟಿಗೆ ಹೊತ್ತು ಹೋಗುವುದು ಬೇಡ. ಕೊನೆಗೆ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರೇ ಉಳಿದವು. ಬದಲಾವಣೆ ಎರಡೇ. ಕೈಯಲ್ಲಿ 18 ಹೋಳು. ಊರು ಅರ್ಧಕ್ಕಿಂತ ಕಡಿಮೆಯಾಯಿತು, ನೋಡುವ ಹೊತ್ತು ಎರಡು ದಿನ ಹೆಚ್ಚಾಯಿತು.

ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಊರು ಎಣಿಸಬೇಡಿ, ರಾತ್ರಿ ಎಣಿಸಿ. ಟಿಕೆಟ್, ಹೋಟೆಲ್, ವೀಸಾ ಎಲ್ಲವೂ ಆ ಎಣಿಕೆಯ ಹಿಂದೆಯೇ ಬರುತ್ತವೆ.

ವೀಸಾ ಅಂತೂ ನೇರವಾಗಿ ರಾತ್ರಿಗಳ ಮೇಲೆಯೇ ನಿಂತಿದೆ. ಮೂರೂ ದೇಶಗಳು ಷೆಂಗೆನ್ ಅನ್ನುವ ಯುರೋಪಿನ ದೇಶಗಳ ಗುಂಪಿನೊಳಗೆ ಬರುತ್ತವೆ, ಒಂದೇ ವೀಸಾ ಸಾಕು. ಆದರೆ ಅರ್ಜಿ ಯಾವ ದೇಶಕ್ಕೆ ಹಾಕಬೇಕು? ಜಾಸ್ತಿ ದಿನ ಇರುವ ದೇಶಕ್ಕೆ. ದಿನಗಳು ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ಮೊದಲ ಹಂಚಿಕೆ 4-4-3 ಇತ್ತು. ಹಾಗೇ ಬಿಟ್ಟಿದ್ದರೆ ಪ್ರಾಗ್ ಮೊದಲು ಬರುವುದರಿಂದ ಚೆಕ್ ದೇಶದ ಅರ್ಜಿ ಆಗುತ್ತಿತ್ತು. ಸಾಲ್ಜ್‌ಬರ್ಗ್ ಸೇರಿಸಿದ ಮೇಲೆ ವಿಯೆನ್ನಾಗೆ 5 ರಾತ್ರಿ ಬೇಕೇ ಬೇಕು ಅನಿಸಿತು. 3-5-3 ಮಾಡಿದೆವು, ಅರ್ಜಿ ಆಸ್ಟ್ರಿಯಾದ್ದಾಯಿತು. ಬೇರೆ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ ಅಂತ ಕಾಗದದ ಮೇಲೆ ಅಲ್ಲಿ ಸುಳ್ಳು ರಾತ್ರಿ ತೋರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಬಹುದು, ಆ ಸಮಯವನ್ನು ಬಳಸಿಕೊಳ್ಳಿ.

ಫೀಸು ದೊಡ್ಡವರಿಗೆ ತಲಾ 90 ಯೂರೋ. ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ಫೈಲಿನ ಮೇಲೆ ನಾನೊಂದು ಪುಟದ ಕೋಷ್ಟಕ ಇಟ್ಟಿದ್ದೆ. ತಾರೀಖು, ಊರು, ಹೋಟೆಲ್, ಆ ದಿನದ ರೈಲು ಅಥವಾ ವಿಮಾನ. ಒಂದು ರಾತ್ರಿಯೂ ಖಾಲಿ ಇರಲಿಲ್ಲ. ಹೋಟೆಲ್‌ಗಳನ್ನೆಲ್ಲ ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದ ಷರತ್ತಿನಲ್ಲೇ ಕಾಯ್ದಿರಿಸಿದ್ದೆ.

ಇಷ್ಟಾದರೂ ಒಂದು ಕಡೆ ಸಿಕ್ಕಿಬಿದ್ದೆವು. ನಮ್ಮ ಬ್ಯಾಂಕಿನ ಶಾಖೆಯಲ್ಲಿ ಸ್ಟೇಟ್‌ಮೆಂಟಿಗೆ ಸೀಲು ಕೇಳಿದಾಗ, ನೆಟ್‌ಬ್ಯಾಂಕಿಂಗ್‌ನಿಂದ ತೆಗೆದದ್ದು ನಡೆಯುತ್ತದೆ, ಹೋಗಿ ಅಂದರು. ವೀಸಾ ಕೇಂದ್ರದ ಕೌಂಟರಿನಲ್ಲಿ ಅದು ನಡೆಯಲಿಲ್ಲ. ಮತ್ತೆ ಅರ್ಧ ದಿನ ರಜೆ ಹಾಕಿ, ಅದೇ ಶಾಖೆಗೆ ಹೋಗಿ, ಪ್ರತಿ ಪುಟಕ್ಕೂ ಸೀಲು, ಸಹಿ ಹಾಕಿಸಿಕೊಂಡು ಬಂದೆ. ಆ ಮಧ್ಯಾಹ್ನದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ನೀವು ಮೊದಲ ಸಲವೇ ಪಟ್ಟು ಹಿಡಿದು ಸೀಲು ಹಾಕಿಸಿಕೊಳ್ಳಿ.

ವಿಮಾನದ ಟಿಕೆಟ್ ಹುಡುಕುವಾಗ ಎಲ್ಲರೂ ಹೋಗಿ-ಬರುವ ಟಿಕೆಟ್ ಅನ್ನೇ ಒತ್ತುತ್ತಾರೆ. ನಾವು ಮಲ್ಟಿ-ಸಿಟಿ ಒತ್ತಿ, ಮುಂಬೈಯಿಂದ ದುಬೈ ಮೇಲೆ ಪ್ರಾಗ್, ಬುಡಾಪೆಸ್ಟ್‌ನಿಂದ ಮುಂಬೈ ಅಂತ ಹಾಕಿದೆವು. ದರದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಪ್ರಾಗ್‌ನಿಂದಲೇ ವಾಪಸ್ ಅಂತಿದ್ದರೆ ಬುಡಾಪೆಸ್ಟ್‌ನಿಂದ ಅಲ್ಲಿಗೆ ಸುಮಾರು 7 ಗಂಟೆ ರೈಲಿನಲ್ಲಿ ಕೂರಬೇಕಿತ್ತು. ಎರಡು ಹೋಳು ಅದಕ್ಕೇ ಹೋಗುತ್ತಿದ್ದವು.

ಇನ್ನು ಗಂಡ ಹೆಂಡತಿ ಲೆಕ್ಕ. ನನಗೆ ಬರೆಯಲು ಅತಿ ಇಷ್ಟವಾದ ಭಾಗ ಇದು. ನಮ್ಮಿಬ್ಬರ ರುಚಿ ಬೇರೆ ಬೇರೆ. ನನಗೆ ಸಂಗೀತ, ಸಂತೆ, ಬೀದಿಯಲ್ಲಿ ಸುಮ್ಮನೆ ಅಲೆಯುವುದು. ಅವರಿಗೆ ಸೇತುವೆ, ಹಳೇ ಮೆಟ್ರೋ, ಚಿತ್ರಗಳು. ಹಿಂದೆ ಎಲ್ಲಿಗೆ ಹೋದರೂ ಇಬ್ಬರೂ ಒಬ್ಬರಿಗೊಬ್ಬರು ಬಿಟ್ಟುಕೊಟ್ಟು, ಇಬ್ಬರಿಗೂ ಅರ್ಧಂಬರ್ಧ ಆಗಿ ವಾಪಸ್ ಬರುತ್ತಿದ್ದೆವು. ಈ ಸಲ ಬಿಳಿ ಬದಿ ಮೇಲೆ ಮಾಡಿ ಇಟ್ಟ ಹೋಳು ನನ್ನದು, ಕಪ್ಪು ಬದಿ ಮೇಲೆ ಮಾಡಿ ಇಟ್ಟದ್ದು ಅವರದು ಅಂತ ಮಾಡಿದೆವು. ಇಬ್ಬರಿಗೂ 7-7. ಉಳಿದ 4 ಹೋಳು ಯಾರದ್ದೂ ಅಲ್ಲ. ಅವನ್ನು ಒಂದು ಬಟ್ಟಲಿಗೆ ಹಾಕಿಟ್ಟೆವು. ನನ್ನ ಹೊತ್ತಿನಲ್ಲಿ ಅವರು ಗಡಿಯಾರ ನೋಡುವ ಹಾಗಿಲ್ಲ, ಅವರ ಹೊತ್ತಿನಲ್ಲಿ ನಾನು ಕಾಲು ನೋವು ಅನ್ನುವ ಹಾಗಿಲ್ಲ.

ಪ್ರಾಗ್‌ನಲ್ಲಿ ಮೊದಲ ಹೋಳು ಕಪ್ಪು. ಬೆಳಕು ಹರಿಯುವ ಮೊದಲೇ ಎದ್ದು ಚಾರ್ಲ್ಸ್ ಸೇತುವೆಗೆ ಹೋದೆವು. 1357ರಲ್ಲಿ ಕಟ್ಟಲು ಶುರುವಾದ ಸೇತುವೆ. ನಾಲ್ಕೈದು ಜನ ಬಿಟ್ಟರೆ ಯಾರೂ ಇರಲಿಲ್ಲ. ಅದೇ ಜಾಗಕ್ಕೆ 10 ಗಂಟೆಗೆ ಮತ್ತೆ ಬಂದಾಗ ದಾದರ್ ಬ್ರಿಜ್ ಮೇಲಿನಷ್ಟೇ ಜನ. ಅಲ್ಲಿ ಮೆಟ್ರೋ, ಟ್ರಾಮಿನ ಕಾಗದದ ಟಿಕೆಟ್ ಕೊಂಡರೆ ಸಾಲದು, ಹಳದಿ ಯಂತ್ರದಲ್ಲಿ ಹಾಕಿ ಮುದ್ರೆ ಒತ್ತಿಸಲೇಬೇಕು. ಇಲ್ಲವಾದರೆ ಕೈಯಲ್ಲಿ ಟಿಕೆಟ್ ಇದ್ದೂ ದಂಡ.

ಪ್ರಾಗ್‌ನಿಂದ ವಿಯೆನ್ನಾಗೆ ರೈಲಿನಲ್ಲಿ 4 ಗಂಟೆ. ಟಿಕೆಟ್ ಅನ್ನು ಎರಡು ತಿಂಗಳು ಮೊದಲೇ ಅಗ್ಗದಲ್ಲಿ ಕೊಂಡಿದ್ದೆ. ಆದರೆ ಅಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ನಮ್ಮಲ್ಲಿ ರಿಸರ್ವೇಷನ್ ಅಂದರೆ ಸೀಟೇ ತಾನೆ? ಆ ಅಭ್ಯಾಸದಲ್ಲಿ ಗಮನಿಸಿರಲಿಲ್ಲ. ಖಾಲಿ ಕಂಡ ಎರಡು ಸೀಟಿನಲ್ಲಿ ಕೂತೆವು. ತಲೆಯ ಮೇಲಿನ ಸಣ್ಣ ಪರದೆಯಲ್ಲಿ ಎರಡು ಊರಿನ ಹೆಸರು ಹೊಳೆಯುತ್ತಿತ್ತು, ಬ್ರ್ನೋ ಮತ್ತು ವಿಯೆನ್ನಾ. ಅದರ ಅರ್ಥ ತಿಳಿದದ್ದು ಬ್ರ್ನೋ ಸ್ಟೇಷನ್ನಿನಲ್ಲಿ, ಆ ಸೀಟಿನವರು ಹತ್ತಿ ಬಂದಾಗ. ಉಳಿದ ಒಂದೂವರೆ ಗಂಟೆ ಬಾಗಿಲ ಬಳಿ ಪೆಟ್ಟಿಗೆ ಹಿಡಿದು ನಿಂತೆವು. ವಿಯೆನ್ನಾ ತಲುಪಿದ ರಾತ್ರಿಯೇ ಬುಡಾಪೆಸ್ಟ್ ರೈಲಿಗೆ ಸೀಟನ್ನೂ ಕಾಯ್ದಿರಿಸಿದೆ. ಕೆಲವೇ ಯೂರೋ ಅಷ್ಟೇ.

ವಿಯೆನ್ನಾದಲ್ಲಿ ಭಾನುವಾರ ಬಾರದ ಹಾಗೆ ತಾರೀಖು ಹಾಕಿದ್ದೆವು. ಆಸ್ಟ್ರಿಯಾದಲ್ಲಿ ಭಾನುವಾರ ಹೆಚ್ಚಿನ ಸೂಪರ್‌ಮಾರ್ಕೆಟ್‌ಗಳೂ ಮುಚ್ಚಿರುತ್ತವೆ. ಮಾಂಸ ತಿನ್ನದ ನಮ್ಮಂಥವರಿಗೆ ಬ್ರೆಡ್ಡು, ಮೊಸರು, ಹಣ್ಣು ಸಿಗುವ ಅಂಗಡಿ ತೆರೆದಿರುವುದು ಮುಖ್ಯ. ಜೊತೆಗೆ ಮನೆಯ ಶೇಂಗಾ ಚಟ್ನಿಪುಡಿ ಇತ್ತು. ಅತ್ತೆ ಒಂದು ಸಣ್ಣ ಬಾಟಲಿ ತುಪ್ಪವನ್ನೂ ಇಟ್ಟಿದ್ದರು. ಹೊರಗಿನಿಂದ ಬರುವವರು ಹಾಲಿನ ಪದಾರ್ಥವನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಬೇಜಾರಾದರೂ ಅದನ್ನು ತೆಗೆದು ಅಡುಗೆಮನೆಯಲ್ಲೇ ಬಿಟ್ಟು ಬಂದೆ.

ಅಲ್ಲಿಯ ಒಂದು ಬಿಳಿ ಹೋಳು ಸ್ಟೇಟ್ ಒಪೆರಾಗೆ. ನಿಂತು ಕೇಳುವ ಜಾಗದ ಅಗ್ಗದ ಟಿಕೆಟ್‌ಗಳನ್ನು ಅದೇ ದಿನ ಮಾರುತ್ತಾರೆ. ಒಳಗೆ ಹೋದವರೆಲ್ಲ ಮುಂದಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಜಾಗ ಹಿಡಿದಿಟ್ಟು ಹೊರಗೆ ಹೋಗುತ್ತಾರೆ. ಅದನ್ನು ಯಾರೂ ಮುಟ್ಟುವುದಿಲ್ಲ. ನಾನು ನನ್ನ ಇಳಕಲ್ ದುಪಟ್ಟಾ ಕಟ್ಟಿದೆ. ಕೆಂಪು ಸೆರಗಿನ ತುದಿ ಆ ಕಂಬಿಯ ಮೇಲೆ ಜೋತು ಬಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮವರು ಪೂರ್ತಿ ಮುಗಿಯುವವರೆಗೂ ನಿಂತರು. ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಮರುದಿನ ಗುರುವಾರ, ಅವರ ಹೋಳು. ಕುನ್ಸ್ಟ್‌ಹಿಸ್ಟಾರಿಷೆಸ್ ಮ್ಯೂಸಿಯಂ ಗುರುವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಸಂಜೆ ಹೋದರೆ ಜನ ಕಡಿಮೆ. ಬ್ರೂಗೆಲ್‌ನ ಚಿತ್ರಗಳ ಕೋಣೆಯಲ್ಲಿ 1565ರ, ಹಿಮದಲ್ಲಿ ಬೇಟೆಗಾರರು ಮನೆಗೆ ಮರಳುವ ಚಿತ್ರ ಇದೆ. ಅದರ ಮುಂದೆ ಬೆಂಚಿನ ಮೇಲೆ ತುಂಬಾ ಹೊತ್ತು ಕೂತೆವು. ಒಂದೇ ಬ್ರೂಗೆಲ್ ನೋಡಲು ಸಂಜೆ ಪೂರ್ತಿ ಕೊಡುವ ಧೈರ್ಯ 7 ಊರಿನ ಪಟ್ಟಿಯಲ್ಲಿ ಎಲ್ಲಿತ್ತು?

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ರಾಗ್‌ನಲ್ಲಿ ಕೊರುನಾ, ಬುಡಾಪೆಸ್ಟ್‌ನಲ್ಲಿ ಫೋರಿಂಟ್, ಯೂರೋ ಇರುವುದು ವಿಯೆನ್ನಾದಲ್ಲಿ ಮಾತ್ರ. ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ಸಾಕಾಯಿತು. ಎಟಿಎಂ ಅಥವಾ ಕಾರ್ಡ್ ಯಂತ್ರ ನಿಮ್ಮ ಕರೆನ್ಸಿಗೆ ಬದಲಿಸಿ ಕೊಡಲೇ ಅಂತ ಕೇಳಿದರೆ ಬೇಡ ಅನ್ನಿ, ಆ ಊರಿನ ಕರೆನ್ಸಿಯನ್ನೇ ಆರಿಸಿ. ಅವರು ಕೊಡುವ ದರದಲ್ಲಿ ನಮಗೆ ನಷ್ಟ. ಎಲ್ಲ ಸೇರಿ ಇಬ್ಬರಿಗೆ 5 ಲಕ್ಷದ ಒಳಗೆ ಮುಗಿಯಿತು.

ಬಟ್ಟಲಿನ 4 ಹೋಳುಗಳಲ್ಲಿ ಒಂದು ಪ್ರಾಗ್‌ನ ಮಳೆಗೆ ಹೋಯಿತು. ಒಂದು ವಿಯೆನ್ನಾದಲ್ಲಿ ಬಟ್ಟೆ ಒಗೆಯುವುದಕ್ಕೆ. ಇನ್ನೊಂದು ಬುಡಾಪೆಸ್ಟ್‌ನ ಸೇಚೆನಿಯಲ್ಲಿ. 1913ರ ಬಿಸಿನೀರಿನ ಸ್ನಾನದ ಮನೆ ಅದು. ಒಂದು ಗಂಟೆ ಅಂತ ಹೋದವರು ಮಧ್ಯಾಹ್ನ ಪೂರ್ತಿ ಅಲ್ಲೇ ಇದ್ದೆವು.

ನಾಲ್ಕನೆಯದು ಕೊನೆಯ ಸಂಜೆಗೆ ಉಳಿಯಿತು. ಎಲ್ಲಿಗೆ ಹೋಗೋಣ ಅಂತ ಇಬ್ಬರಿಗೂ ಏನೂ ಹೊಳೆಯಲಿಲ್ಲ. ಡಾನ್ಯೂಬ್ ನದಿಯ ಪಕ್ಕದಲ್ಲೇ ಓಡುವ 2ನೇ ನಂಬರಿನ ಟ್ರಾಮ್ ಬಂತು, ಹತ್ತಿದೆವು. ಕೊನೆಯ ನಿಲ್ದಾಣದಲ್ಲಿ ಇಳಿದು ಅದೇ ಟ್ರಾಮಿನಲ್ಲಿ ವಾಪಸ್ ಕೂತೆವು. ಹೋಗುವಾಗ ಪಾರ್ಲಿಮೆಂಟಿನ ದೀಪ ಹತ್ತಿರಲಿಲ್ಲ. ಬರುವಾಗ ಹತ್ತಿತ್ತು. ನಮ್ಮವರು ಕಿಟಕಿಯ ಸೀಟು ನನಗೆ ಬಿಟ್ಟು, ಇನ್ನೊಂದು ಸುತ್ತು ಹೋಗೋಣವಾ ಅಂದರು.