ಹತ್ತು ಇಂಚಿನ ಪರದೆಯಲ್ಲಿ ನನ್ನ ಕನ್ನಡ ಬರವಣಿಗೆ

2009ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ನೆಟ್‌ಬುಕ್ ತಗೊಂಡೆ. ಹತ್ತು ಇಂಚಿನ ಪರದೆಯ ಪುಟ್ಟ ಲ್ಯಾಪ್‌ಟಾಪ್ ಅದು, 17 ಸಾವಿರ ರೂಪಾಯಿ. ಒಳ್ಳೆಯ ಲ್ಯಾಪ್‌ಟಾಪ್ ಬೇಕೆಂದರೆ ಅದರ ಎರಡರಷ್ಟು ಕೊಡಬೇಕಿತ್ತು, ನನ್ನ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಆಗ ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಿದ್ದೆ. ತೊಡೆಯ ಮೇಲಿಟ್ಟುಕೊಂಡು ಕನ್ನಡ ಟೈಪ್ ಮಾಡಬೇಕು, ಪಕ್ಕದಲ್ಲಿ ಕೂತವರಿಗೆ ಮೊಣಕೈ ತಾಗಬಾರದು. ಅಷ್ಟೇ ನನಗೆ ಬೇಕಾಗಿದ್ದು.

ಇಂಥ ಪುಟ್ಟ ಕಂಪ್ಯೂಟರುಗಳ ಭರಾಟೆ ಶುರುವಾಗಿದ್ದು 2007ರ ಕೊನೆಯಲ್ಲಿ, ಆಸುಸ್‌ನ ‘ಈ ಪಿಸಿ 701’ ಬಂದಾಗ. 7 ಇಂಚಿನ ಪರದೆ, 4 ಜಿಬಿ ಜಾಗ, ಒಳಗೆ ವಿಂಡೋಸ್ ಬದಲು ಲಿನಕ್ಸ್. ನಾನು ತಗೊಳ್ಳುವ ಹೊತ್ತಿಗೆ ಯಾವ ಕಂಪನಿಯದ್ದು ನೋಡಿದರೂ ಹೆಚ್ಚುಕಮ್ಮಿ ಒಂದೇ ಥರ ಇತ್ತು: ಇಂಟೆಲ್ ಆಟಮ್ ಎನ್270 ಪ್ರೊಸೆಸರ್, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ ಎಕ್ಸ್‌ಪಿ.

ಮೊದಲ ದಿನವೇ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಂಡವು. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಮೂಡಬೇಕಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಭಾಷೆಗಳ ಪುಟಕ್ಕೆ ಹೋಗಿ ಒಂದು ಟಿಕ್ ಹಾಕಬೇಕಿತ್ತು. ಹಾಕಿದೆ. ಎಕ್ಸ್‌ಪಿ ಸಿ.ಡಿ. ಹಾಕಿ ಅಂತ ಕೇಳಿತು. ನೆಟ್‌ಬುಕ್ಕಿಗೆ ಸಿ.ಡಿ. ಡ್ರೈವ್ ಎಲ್ಲಿಂದ ಬರಬೇಕು? ಗೆಳೆಯನ ಮನೆಗೆ ಹೋಗಿ, ಅವನ ಸಿ.ಡಿ.ಯಲ್ಲಿದ್ದ ಐ386 ಅನ್ನುವ, ಎಕ್ಸ್‌ಪಿಯ ಫೈಲುಗಳಿರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ಫೈಲ್ ಕೇಳಿದ ಕಡೆ ಆ ಫೋಲ್ಡರ್ ತೋರಿಸಿದೆ. ರೀಸ್ಟಾರ್ಟ್ ಆದ ಮೇಲೆ ತುಂಗಾ ಫಾಂಟಿನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂತು ಕಂಡಾಗ ಆದ ಖುಷಿ ಇನ್ನೂ ನೆನಪಿದೆ.

ಜಾಸ್ತಿ ಕಾಡಿದ್ದು ಪರದೆ. ಅಗಲ 1024 ಪಿಕ್ಸೆಲ್ ಇತ್ತು, ಅದು ಸಾಕು. ಎತ್ತರ ಬರೀ 600. ಆ ಕಾಲದ ಸಾಫ್ಟ್‌ವೇರುಗಳೆಲ್ಲ ಕನಿಷ್ಠ 768 ಇರುತ್ತೆ ಅಂತಲೇ ನಂಬಿದ್ದವು. ಸೆಟ್ಟಿಂಗ್ಸ್ ಕಿಟಕಿ ತೆರೆದರೆ ‘ಓಕೆ’ ಬಟನ್ ಪರದೆಯ ಕೆಳಗೆ ಎಲ್ಲೋ ಹೋಗಿ ಕೂತಿರುತ್ತಿತ್ತು. ಕಾಣದ ಬಟನ್ನನ್ನು ಟ್ಯಾಬ್ ಕೀಲಿ ಎಣಿಸಿ ಒತ್ತುತ್ತಾ ಹುಡುಕಿ, ಎಂಟರ್ ಹೊಡೆಯುವುದು ರೂಢಿಯಾಯಿತು. ಟಾಸ್ಕ್‌ಬಾರ್ ಒಂದೇ 30 ಪಿಕ್ಸೆಲ್ ತಿನ್ನುತ್ತಿತ್ತು, ಅದನ್ನು ಮರೆಮಾಡಿದೆ. ಬರೆಯುವಾಗ ಟೂಲ್‌ಬಾರ್‌ಗಳನ್ನೆಲ್ಲ ತೆಗೆದೆ. ಹೀಗೆ ಉಳಿಸಿ ಉಳಿಸಿ ಐದಾರು ಸಾಲು ಹೆಚ್ಚು ಕಾಣುವ ಹಾಗಾಯಿತು. ಕನ್ನಡಕ್ಕೆ ಅದು ಸಣ್ಣ ಮಾತಲ್ಲ. ಕೆಳಗಿನ ಒತ್ತಕ್ಷರಕ್ಕೂ ಮೇಲಿನ ಗುಡಿಸಿಗೂ ಜಾಗ ಬೇಕು ಅಲ್ವಾ, ಇಂಗ್ಲಿಷಿಗಿಂತ ಸಾಲಿನ ಎತ್ತರ ಜಾಸ್ತಿ.

ವಿಡಿಯೋ 360ಪಿ ಆದರೆ ಓಡುತ್ತಿತ್ತು, 720ಪಿ ತಡವರಿಸುತ್ತಿತ್ತು. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಹಾರ್ಡ್‌ಡಿಸ್ಕ್ ಗರಗರ ಅನ್ನುತ್ತಿತ್ತು. ಕೆಳಗಿನ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ 2 ಜಿಬಿ ರ‍್ಯಾಮ್ ಹಾಕಿದೆ. ಅದಕ್ಕಿಂತ ಹೆಚ್ಚು ಹಾಕಿದರೆ ಈ ನೆಟ್‌ಬುಕ್ಕಿನ ಚಿಪ್‌ಸೆಟ್ ಒಪ್ಪುವುದಿಲ್ಲ. ಸ್ವಲ್ಪ ಉಸಿರಾಡುವ ಹಾಗಾಯಿತು.

2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಅಪ್‌ಡೇಟ್ ನಿಂತಾಗ ಬಿಸಾಕಲು ಮನಸ್ಸು ಬರಲಿಲ್ಲ. ಪೆನ್‌ಡ್ರೈವಿನಿಂದ ಲುಬುಂಟು ಅನ್ನುವ ಹಗುರವಾದ ಲಿನಕ್ಸ್ ಹಾಕಿದೆ. ಎನ್270 ಪ್ರೊಸೆಸರ್ ಬರೀ 32 ಬಿಟ್ಟಿನದು, ಅದಕ್ಕೆ ಹೊಂದುವುದನ್ನೇ ಹುಡುಕಿ ಹಾಕಬೇಕು. ಅಲ್ಲಿ ಒಂದು ಉಪಾಯ ಸಿಕ್ಕಿತು. ಆಲ್ಟ್ ಕೀಲಿ ಒತ್ತಿ ಹಿಡಿದು ಕಿಟಕಿಯನ್ನು ಎಲ್ಲಿ ಬೇಕಾದರೂ ಹಿಡಿದೆಳೆಯಬಹುದು. ಐದು ವರ್ಷ ಕೆಳಗೆ ಅಡಗಿದ್ದ ‘ಓಕೆ’ ಬಟನ್ ಅವತ್ತು ಮೇಲೆ ಬಂತು.

ಆಮೇಲೆ ಲುಬುಂಟು 32 ಬಿಟ್ಟನ್ನು ಕೈಬಿಟ್ಟಿತು, ಈಗ ಆಂಟಿಎಕ್ಸ್ ಅನ್ನುವ ಇನ್ನೊಂದು ಲಿನಕ್ಸ್ ಓಡುತ್ತಿದೆ. ಬ್ಯಾಟರಿ ಸತ್ತು ಎಷ್ಟೋ ವರ್ಷವಾಯಿತು. ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಪ್ಲಗ್‌ಗೆ ಹಾಕಿಯೇ ಇಟ್ಟಿದ್ದೇನೆ. ಇಂಟರ್‌ನೆಟ್ ಕೊಟ್ಟಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದರಲ್ಲೇ ಒಂದು ಪುಟ ಬರೆಯುತ್ತೇನೆ. ‘ಅ’ ಇರುವ ಕೀಲಿಯ ಅಚ್ಚು ಅಳಿಸಿಹೋಗಿದೆ, ಬೆರಳಿಗೆ ಜಾಗ ಗೊತ್ತು.